ಎರಡೂವರೆ ತಾಸಿನ ದುಬೈ

ಲೆಕ್ಕ ಬಾರದವನಿಂದ ಯಾರಿಗೂ ಕೇಡಿಲ್ಲ. ಅರ್ಧ ಲೆಕ್ಕ ಬರುವವನನ್ನು ಮಾತ್ರ ನಂಬಬಾರದು. ಎಸ್ಸೆಸ್ಸೆಲ್ಸಿ ಓದಿ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ ನಾನು ಎರಡನೆಯವರ ಪೈಕಿ. ಮುಟ್ಟಿದ ಹೊತ್ತಿನಲ್ಲಿ ಹೊರಟ ಹೊತ್ತು ಕಳೆದರೆ ದಾರಿಯ ಹೊತ್ತು. ಇದೊಂದೇ ಸೂತ್ರ ನಂಬಿ ಕೂಡ್ಲಿಗಿ, ಹಡಗಲಿಗೆಲ್ಲ ಜನರನ್ನು ಹತ್ತಿಸಿ ಕಳಿಸಿದ್ದೇನೆ. ಒಬ್ಬರೂ ಕಳೆದುಹೋಗಲಿಲ್ಲ.

ಕೊಟ್ಟೂರಿನ ನನ್ನ ಅಕ್ಕ ಸೊಸೆಯ ಜತೆ ದುಬೈಗೆ ಹೊರಟಳು. ಅಲ್ಲಿ ನರ್ಸ್ ಆಗಿರುವ ಮೊಮ್ಮಗಳಿಗೆ ಮಗುವಾಗಿತ್ತು. ಅಕ್ಕನಿಗೆ ವಿಮಾನದ ಭಯವಿರಲಿಲ್ಲ, ಇದ್ದದ್ದು ಲಿಂಗಪೂಜೆಯ ಚಿಂತೆ. ಎಪ್ಪತ್ತೈದಾದರೂ ಸ್ನಾನ, ಪೂಜೆ ಆಗದೆ ಹನಿ ನೀರು ಮುಟ್ಟುವವಳಲ್ಲ.

"ತಮ್ಮಾ, ನಸುಕಿನ್ಯಾಗ ಎದ್ದು ಪೂಜಿ ಮುಗಿಸಿ ಹೋಗ್ಲೋ, ಅಲ್ಲೇ ಹೋಗಿ ಮಾಡ್ಲೋ?"

ಟಿಕೆಟ್ ನೋಡಿದೆ. ಬೆಂಗಳೂರು ಬಿಡುವುದು ಏಳಕ್ಕೆ, ದುಬೈ ಮುಟ್ಟುವುದು ಒಂಬತ್ತೂವರೆಗೆ. "ಬರೇ ಎರಡೂವರಿ ತಾಸು ಐತಿ ಬಿಡಕ್ಕಾ. ಅಲ್ಲೇ ಹೋಗಿ ಮಾಡು."

"ಸಮುದ್ರ ದಾಟೂದು ಅಷ್ಟೇ ಏನೋ?"

"ಅಲ್ಲೇನು ರೋಡ್ ಹಂಪ್ ಅದಾವೇನು?" ಎಂದು ನಕ್ಕು, ನನ್ನ ವಾಚನ್ನೇ ಬಿಚ್ಚಿ ಅವಳ ಕೈಗೆ ಕಟ್ಟಿದೆ.

ಮುಂದಿನದನ್ನು ಸೊಸೆ ಫೋನಿನಲ್ಲಿ ಹೇಳಿದಳು. ವಾಚಿನಲ್ಲಿ ಒಂಬತ್ತೂವರೆ ಆಗುತ್ತಲೇ ಅಕ್ಕ ಚೀಲ ಹೆಗಲಿಗೇರಿಸಿ ಎದ್ದು ನಿಂತಳಂತೆ. ಕೆಳಗೆ ಬರೀ ನೀರು. ಗಗನಸಖಿ ಕೂಡಿಸಲು ಬಂದರೆ, "ನಮ್ಮ ತಮ್ಮ ಲೆಕ್ಕ ಹಾಕಿ ಹೇಳ್ಯಾನ. ನಿಮ್ಮ ಡ್ರೈವರ್ ಎಲ್ಲಿ ಸುತ್ತು ಹಾಕಾಕತ್ಯಾನ?" ಎಂದಳಂತೆ. ಹನ್ನೊಂದಕ್ಕೆ ಇಳಿದರೆ ಅಲ್ಲಿನ ಗಡಿಯಾರದಲ್ಲಿ ಒಂಬತ್ತೂವರೆ! ಮನೆ ಸೇರಿ ಪೂಜೆ ಮುಗಿಸುವ ಹೊತ್ತಿಗೆ ಅಕ್ಕನ ನಾಲಿಗೆ ಒಣಗಿ ಮಾತೇ ಹೊರಡಲಿಲ್ಲವಂತೆ.

ಅಲ್ಲಿ ಗಡಿಯಾರ ಒಂದೂವರೆ ತಾಸು ಹಿಂದಂತೆ. ವಾಪಸ್ ಟಿಕೆಟ್ಟಿನಲ್ಲಿ ಕಳೆದರೆ ಐದೂವರೆ ತಾಸು ಬರುತ್ತದೆ. ಹೋಗುವಾಗ ಎರಡೂವರೆ, ಬರುವಾಗ ಐದೂವರೆ. ಹಾರುವುದು ಮಾತ್ರ ಎರಡು ಸಲವೂ ನಾಲ್ಕೇ ತಾಸು ಎಂದಳು ಮೊಮ್ಮಗಳು. ಕ್ಯಾಲೆಂಡರಿನ ಹಿಂಬದಿ ತುಂಬ ಬರೆದು ನೋಡಿದೆ. ವಯಸ್ಸಿನಲ್ಲಿ ಕೊಟ್ಟೂರಿಗೆ ಸೈಕಲ್ ತುಳಿಯುವಾಗ ಎದುರು ಗಾಳಿಗೆ ನಾನು ಹಿಂದೆ ಬೀಳುತ್ತಿದ್ದೆ, ನಿಜ. ಗಡಿಯಾರ ಹಿಂದೆ ಬಿದ್ದದ್ದಿಲ್ಲ.

ಇಷ್ಟಾದರೆ ದಡ್ಡತನ ಎನ್ನಬಹುದಿತ್ತು. ಅಕ್ಕ ಫೋನಿನಲ್ಲಿ, "ಯಾಕೋ ತಮ್ಮಾ ಅಷ್ಟು ತಡ?" ಎಂದಾಗ ನಾನು, "ಡ್ರೈವರ್ ಹೊಸಬ ಇರಬೇಕಕ್ಕಾ" ಎಂದುಬಿಟ್ಟೆ. ಅದು ಪಾಪ. ಅಕ್ಕನ ಬಾಯಾರಿಕೆಗಿಂತ ನನ್ನ ಸೂತ್ರ ನನಗೆ ದೊಡ್ಡದಾಯಿತು.

ಅವಳು ಊರಿಗೆ ಬಂದ ಮೇಲೆ, ಎದುರಿಗೆ ಕೂತು ಒಪ್ಪಿಕೊಳ್ಳೋಣವೆಂದು ಫೋನ್ ಮಾಡಿದೆ. "ಹನ್ನೊಂದರ ಬಸ್ಸಿಗೆ ಬರ್ತೀನಿ. ಹನ್ನೆರಡಕ್ಕ ನಿಮ್ಮ ಮನ್ಯಾಗ ಇರ್ತೀನಿ."

"ಯಾರ ಗಡಿಯಾರದಾಗೋ ತಮ್ಮಾ?" ಎಂದಳು ಅಕ್ಕ.

ಬಸ್ಸು ದಾರಿಯಲ್ಲಿ ಕೆಟ್ಟಿತು. ಮುಟ್ಟಿದಾಗ ಒಂದೂವರೆ. ಅಕ್ಕ ಮೊದಲು ನೀರು ತಂದುಕೊಟ್ಟಳು. ತಂಬಿಗೆ ಹಿಡಿದ ಕೈಯಲ್ಲಿ ನನ್ನ ವಾಚಿತ್ತು. ಮೊಮ್ಮಗಳು ದುಬೈ ಹೊತ್ತಿಗೆ ತಿರುಗಿಸಿದ್ದನ್ನು ಅಕ್ಕ ಮುಟ್ಟಿರಲಿಲ್ಲ. ಸರಿಯಾಗಿ ಹನ್ನೆರಡು!

"ನೋಡಕ್ಕಾ, ಹೇಳಿದ ಹೊತ್ತಿಗೆ ಬಂದೀನಿ" ಎಂದೆ. ಒಪ್ಪಿಕೊಳ್ಳಬೇಕೆಂದಿದ್ದ ಮಾತು ನೀರಿನ ಜತೆ ಒಳಗೆ ಹೋಯಿತು.