ನಾನು ಆರಡಿ ಎತ್ತರವಿದ್ದ ಭಾನುವಾರ

"ಟಪ್!" ಎಂದಿತು. ಮರುಕ್ಷಣ ಕನ್ನಡಿ "ಟಿಣ್" ಎಂದಿತು. ಪಕ್ಕದ ಕೋಣೆಯಲ್ಲಿ ಓಡುತ್ತಿದ್ದ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಹಾರ್ತಾ?" ಎಂದಳು ಹೆಂಡತಿ.

"ಏನು?"

"ಗುಂಡಿ. ನಡುವಿನದು ತಾನೆ?"

ನಡುವಿನದೇ! ದರ್ಜಿ ಕೆಲಸದವಳ ಕಿವಿ ಎಂದರೆ ಅದು. ಸೋಮವಾರ ನಮ್ಮ ಶಾಲೆಯ ಸಿಬ್ಬಂದಿಯ ಗ್ರೂಪ್ ಫೋಟೋ. ಹಿರಿಯ ಗಣಿತ ಮೇಷ್ಟ್ರಾದ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಅದಕ್ಕೆಂದೇ ನನ್ನ ಮದುವೆಯ ಕೋಟನ್ನು ತೊಟ್ಟು ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷದ ಹಿಂದೆ ನನಗಾಗಿ ಅವಳು ಹೊಲಿದ ಕೋಟು. ಅವಳು ಹೊಲಿದ ಮೊಟ್ಟಮೊದಲ ಕೋಟೂ ಹೌದು.

ಅವಳು ಕತ್ತರಿ ಹಿಡಿದೇ ಬಂದಳು. "ಕೊಡಿ ಇತ್ಲಾಗೆ. ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡ್ತೀನಿ."

"ಮುಟ್ಟಬೇಡ! ಕೋಟು ಕುಗ್ಗಿದೆ."

"ಬೀರುವಿನಲ್ಲಿ ನೇತಾಡ್ತಾ ಇದ್ದ ಕೋಟು ಹೇಗ್ರೀ ಕುಗ್ಗುತ್ತೆ?"

"ಅದೇ ಚಿಂತೆಯಲ್ಲಿ ಕುಗ್ಗಿರಬಹುದು!"

ಆ ಹೊಲಿಗೆ ಬಿಚ್ಚಿದರೆ ಅದರೊಳಗೆ ಇನ್ನೂ ನಿಂತಿರುವ ತೆಳ್ಳಗಿನ ಮದುಮಗ ಸದ್ದಿಲ್ಲದೆ ಹೊರಟು ಹೋಗಿಬಿಡುತ್ತಾನೆ ಎಂದು ನನಗೆ ಭಯ. ಇದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ. ಬಂದದ್ದು ಸಿಟ್ಟು. ಅದು ನನಗೆ ಕರೆಯದೆಯೂ ಬರುತ್ತದೆ.

"ಬರಿ ಮಾತು ಬೇಡ, ವಿಜ್ಞಾನ ನಿರ್ಣಯಿಸಲಿ!" ಎಂದು ಗರ್ಜಿಸಿದೆ. "ನನ್ನ ಮೈಯಲ್ಲಿ ಶೇಕಡಾ ಎಷ್ಟು ಕೊಬ್ಬಿದೆ ಅಂತ ಈಗಲೇ ಲೆಕ್ಕ ಹಾಕ್ತೀನಿ. ಇಪ್ಪತ್ತು ದಾಟಿದರೆ ಕೋಟು ನಿನ್ನದು, ಏನು ಬೇಕಾದರೂ ಮಾಡು. ದಾಟದಿದ್ದರೆ 'ಕೋಟೇ ಕುಗ್ಗಿದೆ' ಅಂತ ಮೂರು ಸಲ ಹೇಳಬೇಕು!"

"ನಿಮಗೆ ಎಷ್ಟು ಕೊಬ್ಬಿದೆ ಅಂತ ನಂಗೆ ಅಳೆಯದೇನೇ ಗೊತ್ತು," ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಸೂತ್ರವನ್ನು ಬರೆದುಕೊಟ್ಟಿದ್ದವರು ನಮ್ಮ ಶಾಲೆಯ ವ್ಯಾಯಾಮದ ಮೇಷ್ಟ್ರು. ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುವುದರಿಂದ ನಾವು ಅವರನ್ನು ಸೀಟಿ ಎಂದೇ ಕರೆಯುತ್ತೇವೆ. ಸೂತ್ರವನ್ನು ಹೆಂಡತಿಗೆ ವಿವರಿಸಿದೆ. ಹೈಸ್ಕೂಲಿನಲ್ಲಿ ಗಣಿತಕ್ಕೆ ಎರಡು ಸಲ ಡುಮ್ಕಿ ಹೊಡೆದವಳು, ನಿಧಾನವಾಗಿಯೇ ವಿವರಿಸಬೇಕಿತ್ತು. "ನೋಡು, ಸೊಂಟದ ಸುತ್ತಳತೆಯಲ್ಲಿ ಕುತ್ತಿಗೆಯ ಸುತ್ತಳತೆಯನ್ನು ಕಳೀಬೇಕು. ಉಳಿದದ್ದು ಹೆಚ್ಚಿದ್ದಷ್ಟೂ ಕೊಬ್ಬು ಹೆಚ್ಚು. ಆಳು ಎತ್ತರ ಇದ್ದಷ್ಟೂ ಕೊಬ್ಬು ಕಡಿಮೆ. ಅರ್ಥವಾಯ್ತಾ?"

"ಆಯ್ತು ಮೇಷ್ಟ್ರೇ."

ಯಂತ್ರದ ಮೇಲೆ ಬಿದ್ದಿದ್ದ ಅವಳ ಟೇಪನ್ನು ಕಸಿದುಕೊಂಡೆ. ಅಳೆದುಕೊಡಲು ಬಂದವಳನ್ನು ಆಚೆ ಕಳಿಸಿ ಬಾಗಿಲು ಹಾಕಿದೆ. ಎದುರಾಳಿಯ ಕೈಗೆ ತಕ್ಕಡಿ ಕೊಡುವಷ್ಟು ದಡ್ಡನೇ ನಾನು?

ಕೋಟು ಕಳಚಿ ಕುರ್ಚಿಯ ಮೇಲೆ ಹಾಕಿ, ಉಸಿರು ಬಿಗಿಹಿಡಿದು ಸೊಂಟ ಸುತ್ತಿದೆ. ನಲವತ್ತನಾಲ್ಕು! ಸುಳ್ಳು! ಟೇಪನ್ನು ಬಿಗಿದೆ, ಬೈದೆ, ಮತ್ತೆ ಸುತ್ತಿದೆ. ನಲವತ್ತನಾಲ್ಕೇ. ಕುತ್ತಿಗೆ ಹತ್ತೊಂಬತ್ತು. ಇದೇನು ಕುತ್ತಿಗೆಯೋ, ಕಟ್ಟಡದ ಕಂಬವೋ! ಇನ್ನು ಎತ್ತರ. ಟೇಪು ಇದ್ದದ್ದೇ ಅರವತ್ತು ಇಂಚಿನವರೆಗೆ. ನೆಲದಿಂದ ಹಿಡಿದು ಅದು ಮುಗಿದಲ್ಲಿ ಗೋಡೆಗೆ ಗೆರೆ ಎಳೆದೆ, ಗೆರೆಯಿಂದ ನೆತ್ತಿಯವರೆಗೆ ಮತ್ತೆ ಹಿಡಿದೆ. ಹನ್ನೆರಡು. ಒಟ್ಟು ಎಪ್ಪತ್ತೆರಡು. ಆರಡಿ!

ಇಷ್ಟು ವರ್ಷ ನನ್ನನ್ನು ಐದೂವರೆ ಅಡಿಯವನೆಂದು ನಂಬಿಸಿದ್ದ ಜಗತ್ತಿನ ಮೇಲೆ ಅಲ್ಲೇ ಒಂದು ಸುತ್ತು ಸಿಟ್ಟಾದೆ. ಈ ಒಂದು ಅಳತೆಯನ್ನು ಮಾತ್ರ ಎರಡನೇ ಸಲ ಪರೀಕ್ಷಿಸುವ ಅಗತ್ಯ ಕಾಣಲಿಲ್ಲ.

ಲೆಕ್ಕ ಹಾಕಿದೆ. ಶೇಕಡಾ ಇಪ್ಪತ್ತೇಳು!

ಸೀಟಿಗೆ ಫೋನ್ ಮಾಡಿದೆ. "ಏನ್ರೀ, ಎಂಥ ಸೂತ್ರ ಕೊಟ್ಟಿದ್ದೀರಿ? ತಪ್ಪಿದೆ!"

"ಸೂತ್ರ ಸರಿಯಾಗಿದೆ ಸಾರ್. ಉಸಿರು ಬಿಟ್ಟು ಅಳೆದ್ರಾ, ಹಿಡಿದು ಅಳೆದ್ರಾ?"

"ಹಿಡಿದು!"

"ಹಾಗಾದ್ರೆ ಇನ್ನೂ ಸ್ವಲ್ಪ ಇದೆ, ಸೇರಿಸ್ಕೊಳ್ಳಿ."

ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಟೇಪನ್ನು ನೆಲಕ್ಕೆ ಬಡಿದೆ. ಅದು ಹಾವಿನ ಹಾಗೆ ಸುರುಳಿ ಬಿಚ್ಚಿ ನನ್ನ ಕಾಲ ಬಳಿ ಬಂದು ಬಿತ್ತು. ಆಗ ಕಂಡಿತು: ಅದರ ತುದಿಯಲ್ಲಿ ಒಂದು ಇರಲಿಲ್ಲ, ಎರಡು ಇರಲಿಲ್ಲ, ಮೂರೂ ಇರಲಿಲ್ಲ. ಟೇಪು ಆರಂಭವಾಗುವುದೇ ನಾಲ್ಕರಿಂದ!

ಬಾಗಿಲು ಒದ್ದುಕೊಂಡು ಹೊರಬಂದೆ. "ಮೋಸ! ಹಾಡಹಗಲಲ್ಲಿ ಮೋಸ! ಟೇಪಿನ ತುದಿ ಎಲ್ಲಿ?"

"ಓ, ಅದಾ? ತುದಿ ಸವೆದು ನೂಲು ನೂಲಾಗಿತ್ತು, ಮೂರಿಂಚು ಕತ್ತರಿಸಿ ಎಸೆದೆ. ನಾನು ಅಳೆಯೋವಾಗ ಮನಸ್ಸಲ್ಲೇ ಮೂರು ಕಳ್ಕೊಳ್ತೀನಿ. ಅದಕ್ಕೇ ಅಲ್ವಾ ಅಳೆದುಕೊಡ್ತೀನಿ ಅಂತ ಬಂದದ್ದು?"

"ಅಂದರೆ ನನ್ನ ಸೊಂಟದಲ್ಲಿ ಮೂರಿಂಚು ನನ್ನದೇ ಅಲ್ಲ! ನಲವತ್ತನಾಲ್ಕಲ್ಲ, ನಲವತ್ತೊಂದು! ಹೇಳು, ಕೋಟೇ ಕುಗ್ಗಿದೆ ಅಂತ ಹೇಳು! ಮೂರು ಸಲ!"

ಅವಳು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು: "ಕುತ್ತಿಗೆ ಯಾವ ಟೇಪಲ್ಲಿ ಅಳೆದ್ರಿ?"

"ಇದರಲ್ಲೇ! ಹತ್ತೊಂಬತ್ತು!"

"ಹಾಗಾದ್ರೆ ಅಲ್ಲೂ ಮೂರು ಹೋಯ್ತು. ಆಗಲೂ ಕಳೆದ್ರೆ ಇಪ್ಪತ್ತೈದು, ಈಗಲೂ ಇಪ್ಪತ್ತೈದು."

ಇಪ್ಪತ್ತೈದು ವರ್ಷ ಮಕ್ಕಳಿಗೆ ವ್ಯವಕಲನ ಕಲಿಸಿದ ನಾನು ಬೆರಳು ಮಡಿಸಿ ಎಣಿಸಿ ನೋಡಿದೆ. ಇಪ್ಪತ್ತೈದೇ.

"ಅದಿರಲಿ, ಎತ್ತರ?" ಎಂದಳು. "ನೀವು ಆರಡಿ ಅಂತ ಕೂಗಿದ್ದು ಕೇಳಿಸ್ತು. ಟೇಪು ಎರಡು ಸಲ ಹಿಡಿದಿರ್ತೀರಿ. ಮೂರು, ಮೂರು, ಆರು. ಅಲ್ಲಿಗೆ ಐದೂವರೆ ಅಡಿ. ಎತ್ತರ ಇಳಿದ್ರೆ ಕೊಬ್ಬು ಏರುತ್ತೆ ಅಂತ ನೀವೇ ತಾನೆ ಪಾಠ ಹೇಳಿದ್ದು?"

ಲೆಕ್ಕ ಹಾಕಿದೆ. ಇಪ್ಪತ್ತೊಂಬತ್ತೂವರೆ.

ನಾನು ತಲೆ ಎತ್ತುವಷ್ಟರಲ್ಲಿ ಕೋಟು ಅವಳ ಮಡಿಲಲ್ಲಿತ್ತು, ಹೊಲಿಗೆ ಬಿಚ್ಚಿಯಾಗಿತ್ತು. ಎರಡೂ ಪಕ್ಕಗಳ ಒಳಗಿಂದ, ಬಿಸಿಲನ್ನೇ ಕಾಣದ ಹೊಚ್ಚ ಹೊಸ ಬಟ್ಟೆ ಎರಡೆರಡು ಇಂಚು ಮಡಿಕೆ ಬಿಚ್ಚಿಕೊಂಡು ಹೊರಬಂತು.

"ಇದೆಲ್ಲಿಂದ ಬಂತು?"

"ಹೊಲಿಯೋವಾಗಲೇ ಬಿಟ್ಟಿದ್ದೆ."

"ಅಂದರೆ ಮದುವೆಗೆ ಮುಂಚೆಯೇ ನಿನಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ!"

"ಇತ್ತು, ಅದಕ್ಕೇ ಬಿಟ್ಟೆ. ತುಂಬಾ ವರ್ಷ ಜೊತೆಗಿರ್ತಾರೆ, ಬೇಕಾಗುತ್ತೆ ಅಂತ."

ಇಂಥ ಮಾತಿಗೆ ಸಿಟ್ಟು ಮಾಡುವುದು ಹೇಗೆಂದು ಯಾವ ಸೂತ್ರದಲ್ಲೂ ಇಲ್ಲ. ಆದರೂ ಮಾಡಿದೆ. ಚಪ್ಪಲಿ ಮೆಟ್ಟಿ ಬೀದಿಯ ಕಡೆಗೆ ದಾಪುಗಾಲು ಹಾಕಿದೆ.

"ರೀ, ನಿಲ್ಲಿ, ಗುಂಡಿ ಎಲ್ಲಿ ಬಿತ್ತು ಅಂತ ಹೇಳಿ ಹೋಗಿ..." ಎಂದವಳು ಒಮ್ಮೆಲೇ ದನಿ ಏರಿಸಿದಳು. "ಅಯ್ಯೋ, ಬಗ್ಗಿ! ಬಗ್ಗಿ ಹೋಗಿ! ಆರಡಿ ಆಳು, ಬಾಗಿಲು ತಲೆಗೆ ಬಡಿದೀತು!"

ನಾನು ಬಗ್ಗಲಿಲ್ಲ, ತಿರುಗಿಯೂ ನೋಡಲಿಲ್ಲ. ತಲೆ ಎತ್ತಿಕೊಂಡೇ ಹೊರಗೆ ನಡೆದೆ. ನನ್ನ ನೆತ್ತಿಗೂ ಬಾಗಿಲ ಚೌಕಟ್ಟಿಗೂ ನಡುವೆ ಒಂದು ಗೇಣು ಜಾಗ ಧಾರಾಳವಾಗಿ ಉಳಿದಿತ್ತು.