ಹೊಲಿದ ಮೂಟೆಯ ಬಾಯಿ

ಬುದ್ಧಿವಾದ ಹೇಳುವುದರಲ್ಲಿ ನಾನು ಎಂದೂ ಜಿಪುಣತನ ಮಾಡಿದವನಲ್ಲ. ಒಂದು ಹೋಳು ಕೊಬ್ಬರಿ ಹೆಚ್ಚಿಗೆ ಕೊಡಬೇಕಾದರೆ ಹಿಂದುಮುಂದು ನೋಡುವ ನಾನು, ಬುದ್ಧಿಮಾತು ಎಂದ ಕೂಡಲೆ ಧಾರಾಳಿಯಾಗಿಬಿಡುತ್ತೇನೆ. ಹೊಸದಾಗಿ ಅಂಗಡಿ ಇಟ್ಟವರು, ಮಗಳಿಗೆ ಗಂಡು ಹುಡುಕುವವರು, ತೋಟದಲ್ಲಿ ಬಾವಿ ತೋಡಿಸುವವರು, ಎಲ್ಲರೂ ತಿಪಟೂರಿನ ನಮ್ಮ ಕೊಬ್ಬರಿ ಮಂಡಿಗೆ ಬಂದು, ಗಾದಿಯ ಅಂಚಿನಲ್ಲಿ ಕೂತು, ಕೇಳಿಯೋ ಕೇಳದೆಯೋ ನನ್ನಿಂದ ಒಂದಿಷ್ಟು ಪಡೆದುಕೊಂಡೇ ಹೋಗಿದ್ದಾರೆ. ಆದರೆ ಒಂದು ಮಾತು ಮಾತ್ರ ನನ್ನ ಬಾಯಿಂದ ಸಲೀಸಾಗಿ ಹೊರಡುತ್ತಿರಲಿಲ್ಲ. ಅದು ಉಪಕಾರ ನೆನೆಯುವ ಮಾತು. ತಪ್ಪು ನನ್ನೊಬ್ಬನದೇ ಅಲ್ಲ. ನಮ್ಮ ಸೀಮೆಯಲ್ಲಿ ಯಾರಾದರೂ ತಲೆಗೆ ಹೊರೆ ಎತ್ತಿಕೊಟ್ಟರೆ "ಹ್ಞೂ, ನಡಿ" ಎನ್ನುತ್ತೇವೆ. ದೊಡ್ಡ ಕೆಲಸವನ್ನೇ ಮಾಡಿಕೊಟ್ಟಿದ್ದರೆ "ಉಂಡ್ಕಂಡು ಹೋಗು" ಎನ್ನುತ್ತೇವೆ. ಅಲ್ಲಿಗೆ ಲೆಕ್ಕ ಚುಕ್ತಾ. "ಬಾಳ ಉಪಕಾರ ಆಯ್ತಪ್ಪ" ಎಂಬ ಮಾತನ್ನು ಬಳಸುವ ಸಂದರ್ಭಗಳು ಎರಡೇ. ಯಾರಾದರೂ ತುಂಬಿದ ಹಾಲಿನ ಪಾತ್ರೆ ಉರುಳಿಸಿದಾಗ ಒಂದು, ಎದುರಿಗಿರುವವನ ಮುಖ ಇನ್ನು ನೋಡುವುದೇ ಬೇಡ ಎನ್ನಿಸಿದಾಗ ಇನ್ನೊಂದು.

ನಾನು ಮಂಡಿ ಇಟ್ಟದ್ದು ಅಪ್ಪನ ಆಸ್ತಿಯಿಂದಲ್ಲ. ಹಂದನಕೆರೆ, ಸಂಪಿಗೆ ಕಡೆಯ ತೋಟದ ಮನೆಗಳಿಗೆ ಸೈಕಲ್ ತುಳಿದು, ಕಾಯಿ ಒಣಗಲು ಹಾಕಿದ ಅಟ್ಟ ಹತ್ತಿ, ಹೊಗೆಯ ಕರಿ ಮೈಗೆ ಮೆತ್ತಿಸಿಕೊಂಡು, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಎಂದರೆ ಮಾತ್ರ ಮುಂದಿನ ಮಾತು. ಆಮೇಲೆ ಟವಲಿನ ಕೆಳಗೆ ಕೈ. ಕೊಳ್ಳುವವನು ಮಾರುವವನ ಬೆರಳು ಹಿಡಿದು ಒತ್ತುತ್ತಾನೆ, ಅವನು ತಲೆಯಾಡಿಸುತ್ತಾನೆ, ಇವನು ಇನ್ನೊಂದು ಬೆರಳು ಮಡಿಸುತ್ತಾನೆ, ವ್ಯಾಪಾರ ಮುಗಿಯುತ್ತದೆ. ಪಕ್ಕದಲ್ಲಿ ನಿಂತವನಿಗೂ ದರ ತಿಳಿಯುವುದಿಲ್ಲ. ಟವಲು ತೆಗೆದ ಮೇಲೆ "ನಾನು ಹಾಗೆ ಒತ್ತಲಿಲ್ಲ" ಎಂದು ಯಾರೂ ಅಂದದ್ದನ್ನು ನಾನು ಕಂಡಿಲ್ಲ. ಅಷ್ಟು ನಂಬಿಕೆಯ ವ್ಯಾಪಾರ ನಮ್ಮದು. ಆದರೆ ಒಂದು ವಿಚಿತ್ರ ನೋಡಿ. ಮುಖಪರಿಚಯವೂ ಇಲ್ಲದವನ ಬೆರಳನ್ನು ನಂಬುತ್ತಿದ್ದ ನಾನು, ನನ್ನ ಮಂಡಿಯಲ್ಲೇ ಹೊಲಿದ ಮೂಟೆಯನ್ನು ನಂಬುತ್ತಿರಲಿಲ್ಲ.

ಮೂಟೆ ಹೊಲಿಯುತ್ತಿದ್ದವನು ಮರುಳಯ್ಯ. ನನ್ನ ಸೈಕಲ್ ಕಾಲದಿಂದ ಜೊತೆಗಿದ್ದವನು. ಗೋಣಿ ಹೊಲಿಯುವ ಉದ್ದನೆಯ ಸೂಜಿ, ಅಂದರೆ ದಬ್ಬಳ, ಸದಾ ಅವನ ತಲೆವಸ್ತ್ರದಲ್ಲಿ ಚುಚ್ಚಿಕೊಂಡಿರುತ್ತಿತ್ತು. ತನ್ನ ಹೊಲಿಗೆಯ ಬಗ್ಗೆ ಅವನಿಗೆ ಮೀಸೆಗಿಂತ ಹೆಚ್ಚಿನ ಜಂಬ. ಮೂಟೆಯ ಬಾಯಿಯ ಎರಡು ಮೂಲೆಗೂ ಬೆಕ್ಕಿನ ಕಿವಿಯಂತೆ ನೆಟ್ಟಗೆ ಜುಟ್ಟು ಕಟ್ಟುತ್ತಿದ್ದ. ಉತ್ತರದ ಕಡೆಯ ಖರೀದಿದಾರರು ಆ ಕಿವಿ ನೋಡಿಯೇ ನಮ್ಮ ಮಾಲನ್ನು ಗುರುತಿಸುತ್ತಿದ್ದರು, ಬಿಚ್ಚದೆ ಇಳಿಸಿಕೊಳ್ಳುತ್ತಿದ್ದರು. ಬಿಚ್ಚುತ್ತಿದ್ದವನು ನಾನೇ. ಅವನು ಕಿವಿ ಕಟ್ಟಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ನಾನು ಹೋಗಿ ಯಾವುದೋ ಒಂದು ಮೂಟೆಯ ಹುರಿ ಎಳೆದು, ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಕೊಬ್ಬರಿ ತೆಗೆದು, ಮೂಸಿ, ಉಗುರಿನಿಂದ ತಟ್ಟಿ, ಮತ್ತೆ ಒಳಗೆ ಹಾಕುತ್ತಿದ್ದೆ. ವ್ಯಾಪಾರಕ್ಕಿಳಿದ ಹೊಸತರಲ್ಲಿ ಯಾರೋ ಮೇಲೆ ಒಳ್ಳೆಯದು ತುಂಬಿ, ಅಡಿಯಲ್ಲಿ ಬೂಷ್ಟು ಹಿಡಿದದ್ದನ್ನು ಸೇರಿಸಿ ನನಗೆ ಟೋಪಿ ಹಾಕಿದ್ದರು. ಆ ಟೋಪಿಯನ್ನು ನಾನು ತಲೆಯಿಂದ ತೆಗೆದಿರಲೇ ಇಲ್ಲ.

ಹೀಗಿರುವಾಗ ಒಂದು ಸಂಜೆ ವರ್ತಕರ ಸಭೆಯಲ್ಲಿ ಮಾತಾಡಲು ಬೆಂಗಳೂರಿನಿಂದ ಟೈ ಕಟ್ಟಿದ ಒಬ್ಬರು ಬಂದರು. ಕೆಲಸಗಾರರೆಂದರೆ ಒಂದು ಟೀಮು, ಟೀಮಿಗೆ ಟ್ರಸ್ಟ್ ಮುಖ್ಯ, ದಿನಾ ಬೆಳಿಗ್ಗೆ ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಿ, ಟ್ರಸ್ಟ್ ತಾನಾಗಿ ಬೆಳೆಯುತ್ತದೆ ಎಂದರು. ನಮಗೆ ಟೀಮು ಎಂದರೆ ವಾಲಿಬಾಲ್ ಆಡುವವರು, ಟ್ರಸ್ಟ್ ಎಂದರೆ ಛತ್ರ ಕಟ್ಟಿಸಿ ಬೀಗ ಹಾಕಿಕೊಂಡು ಕೂತಿರುವಂಥದ್ದು. ಆದರೂ ಮಾತು ಮನಸ್ಸಿಗೆ ನಾಟಿತು. ಮುಖ್ಯ ಕಾರಣ, ಅದಕ್ಕೆ ಖರ್ಚಿರಲಿಲ್ಲ.

ಮಾರನೆಯ ಬೆಳಿಗ್ಗೆ ಮನೆಯಲ್ಲೇ ಶುರುಮಾಡಿದೆ. ಕಾಫಿ ತಂದುಕೊಟ್ಟ ಹೆಂಡತಿಗೆ "ಥ್ಯಾಂಕ್ಸ್ ಕಣೇ" ಎಂದೆ. ಅವಳು ಎರಡು ಕೈಯ ಚಿನ್ನದ ಬಳೆಗಳನ್ನೂ ಸೆರಗಿನೊಳಗೆ ಎಳೆದುಕೊಂಡು, "ಈ ಸಲ ಯಾರಿಗೆ ಜಾಮೀನು ನಿಂತ್ರಿ?" ಎಂದಳು.

ಮಂಡಿಯಲ್ಲಿ ಮರುಳಯ್ಯ ಆಗತಾನೆ ಒಂದು ಮೂಟೆಯ ಕಿವಿ ಕಟ್ಟಿದ್ದ. ಹತ್ತಿರ ಹೋಗಿ ಗಂಭೀರವಾಗಿ, "ಮರುಳಯ್ಯ, ಬಾಳ ಉಪಕಾರ ಆಯ್ತಪ್ಪ" ಎಂದೆ.

ಅವನು ಗಾಬರಿಯಾಗಿ ಮೂಟೆಯನ್ನು ಸುತ್ತಲೂ ತಿರುಗಿಸಿ ನೋಡಿದ. "ಏನಾಯ್ತು ಸಾವ್ಕಾರ್ರೇ? ಎಲ್ಲಿ ಹರ್ದೈತೆ?"

"ಹರಿದಿಲ್ಲ ಕಣಯ್ಯ. ಚೆನ್ನಾಗಿದೆ. ಅದಕ್ಕೇ ಹೇಳಿದೆ."

"ಚೆನ್ನಾಗಿದ್ರೆ ಯಾಕೆ ಹಂಗಂತೀರಿ?"

ಒಡೆದ ಕಾಯಿಯ ಚಿಪ್ಪು ಬಿಡಿಸಿ ಕೊಬ್ಬರಿ ಆರಿಸುವ ಹೆಂಗಸರ ಕಡೆ ತಿರುಗಿದೆ. ಅವರ ಮುಂದಾಳು ಕೆಂಪಮ್ಮ, ಬಾಯಿ ಜೋರು. "ಕೆಂಪಮ್ಮ, ನಿಮ್ಮಿಂದಲೇ ಈ ಮಂಡಿ ನಡೀತಾ ಇರೋದು" ಎಂದೆ. ಅವಳು ಸುತ್ತಿಗೆ ಕೆಳಗಿಟ್ಟು, "ಅಯ್ಯೋ ಶಿವನೇ, ಯಾರು ಹೋಗ್ಬುಟ್ರು ಸಾವ್ಕಾರ್ರೇ?" ಎಂದಳು.

ಪಟ್ಟು ಬಿಡದೆ ದಿನವೂ ಹೇಳುತ್ತಾ ಹೋದೆ. ನಂಬಿಕೆ ಬೆಳೆಯುವ ಬದಲು ಮಂಡಿಯಲ್ಲಿ ಸದ್ದೇ ಅಡಗಿತು. ನನ್ನನ್ನು ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಸಾವ್ಕಾರ್ರು ಮಂಡಿ ಮುಚ್ಚುತ್ತಾರಂತೆ, ಭಾಮೈದನಿಗೆ ವಹಿಸುತ್ತಾರಂತೆ, ಅದಕ್ಕೇ ಒಬ್ಬೊಬ್ಬರಿಗೂ ಉಪಕಾರ ಹೇಳಿ ಕೈತೊಳೆದುಕೊಳ್ಳುತ್ತಿದ್ದಾರಂತೆ ಎಂದು ಹೋಟೆಲಿನವನು ನನಗೇ ಸುದ್ದಿ ಹೇಳಿದ. ಆ ವಾರ ಉತ್ತರಕ್ಕೆ ಲಾರಿ ಹೊರಡಬೇಕಿತ್ತು. ಲಾರಿ ಬಂದು ನಿಂತ ಬೆಳಿಗ್ಗೆಯೇ ಮರುಳಯ್ಯ ಗಾದಿಯ ಮುಂದೆ ಬಂದು ನಿಂತ.

"ಈ ಲಾರಿ ತುಂಬಿಸ್ಕೊಟ್ಟು ನಾನು ಹೊಂಟೆ ಸಾವ್ಕಾರ್ರೇ."

"ಎಲ್ಲಿಗೆ?"

"ಎದುರುಗಡೆ ಮಂಡಿಗೆ. ಮಾತಾಡ್ಕಂಡು ಬಂದಿವ್ನಿ."

"ಯಾಕಯ್ಯ? ನಾನೇನಂದೆ ನಿನಗೆ?"

"ನೀವೇನೂ ಅನ್ಲಿಲ್ಲ ಬುಡಿ. ಬೈದಿದ್ರೆ ನಾನೂ ನಾಕು ಮಾತು ಆಡಿ ಸುಮ್ಕಾಗ್ತಿದ್ದೆ."

ಸಂಕಟದಲ್ಲಿ ನನಗೆ ಗೊತ್ತಿರುವುದು ಚೌಕಾಸಿ ಒಂದೇ. ಕೂಲಿ ಏರಿಸುತ್ತೇನೆ ಎಂದೆ. "ಅದು ಏರ್ಸೋದೇ" ಎಂದ, ಹೋಗುವುದನ್ನು ಮಾತ್ರ ಬಿಡಲಿಲ್ಲ. ದಬ್ಬಳ ಕಿತ್ತುಕೊಂಡು ಮೂಟೆಗಳ ಕಡೆ ನಡೆದುಬಿಟ್ಟ. ಬೆಕ್ಕಿನ ಕಿವಿಗಳು ಎದುರು ಮಂಡಿಯ ಮೂಟೆಗಳ ಮೇಲೆ ಎದ್ದುನಿಂತದ್ದು ನನ್ನ ಕಣ್ಣಿಗೆ ಕಟ್ಟಿತು. ಆದರೆ ನನ್ನನ್ನು ನಿಜವಾಗಿ ಕಾಡಿದ್ದು ವ್ಯಾಪಾರದ ಚಿಂತೆಯಲ್ಲ. ಇಷ್ಟು ಕಾಲ ಜೊತೆಗಿದ್ದವನು ರಸ್ತೆಯ ಆ ಬದಿಯಲ್ಲಿ ಕೂತು ಬೀಡಿ ಸೇದುವುದನ್ನು ದಿನವೂ ಈ ಬದಿಯಿಂದ ನೋಡಬೇಕಲ್ಲ ಎಂಬುದು.

ಕೆಂಪಮ್ಮನಿಗೆ ನನ್ನ ಮುಖ ಕಂಡಿರಬೇಕು. ಮಡಿಲಿನ ಚಿಪ್ಪಿನ ಚೂರು ಕೊಡವಿ ಎದ್ದು ಬಂದಳು.

"ಹೊಸ ಮಾತು ಕಲ್ತ್ರಿ ಸಾವ್ಕಾರ್ರೇ, ಹಳೇ ಕೈ ಹಂಗೇ ಐತಲ್ಲ. ಬಾಯಲ್ಲಿ ಉಪಕಾರ ಅಂತೀರಿ, ಅದೇ ಗಳಿಗೇಲಿ ಅವನು ಹೊಲ್ದಿರೋ ಮೂಟೆ ಬಿಚ್ತೀರಿ. ಅವನು ಯಾವ್ದುನ್ನ ನಂಬ್ಬೇಕು?"

"ಅದು ಅವನ ಮೇಲಿನ ಅನುಮಾನ ಅಲ್ಲಮ್ಮ. ವ್ಯಾಪಾರದ ಪದ್ಧತಿ."

"ಹೌದಾ? ಮನೇಲಿ ಅಮ್ಮಾವ್ರು ಸಾರು ಇಳ್ಸಿದ್ ಮೇಲೆ ಮೊಣಕೈಗಂಟ ಕೈ ಇಕ್ಕಿ ತಳದಾಗೆ ತಡಕಾಡ್ತೀರಾ?"

ಹಿಂದೆ ಕೂತ ಹೆಂಗಸರು ಬಹಳ ದಿನಗಳ ಮೇಲೆ ನಕ್ಕರು. ನನಗೆ ನಗು ಬರಲಿಲ್ಲ. ದಿನವೂ ಅವನೆದುರಿಗೇ ಅವನ ಕೆಲಸ ಬಿಚ್ಚಿ ನೋಡುತ್ತಿದ್ದೆ, ಅವನು ಮಾತಿಲ್ಲದೆ ಮತ್ತೆ ಹೊಲಿಯುತ್ತಿದ್ದ. ಅದಕ್ಕೆ ಅವನು ಹೊಂದಿಕೊಂಡಿದ್ದ. ನಾನು ಅದರ ಮೇಲೆ ಸಿಹಿ ಸವರಲು ಹೋದಾಗಲೇ ಅವನಿಗೆ ಕಹಿ ತಿಳಿದದ್ದು. ಜನರನ್ನಿಟ್ಟು ಕೆಲಸ ಮಾಡಿಸುವವರಿಗೆ ನನ್ನದೊಂದು ಸಲಹೆ, ಬೇಡವೆಂದರೂ ಕೊಡುತ್ತೇನೆ: ಹೊಗಳುವ ಮುಂಚೆ ನಿಮ್ಮ ಕೈ ಎಲ್ಲಿದೆ ನೋಡಿಕೊಳ್ಳಿ.

ಲಾರಿ ತುಂಬುವುದು ಶುರುವಾಯಿತು. ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ಬಾಗಿಲಲ್ಲಿ ನಿಂತೆ. ಒಂದೊಂದು ಮೂಟೆ ಹಮಾಲರ ಹೆಗಲೇರಿದಾಗಲೂ ಬೆರಳು ತುರಿಸುತ್ತಿತ್ತು. ಮರುಳಯ್ಯ ಪ್ರತಿ ಕಿವಿ ಕಟ್ಟಿದ ಮೇಲೂ ಅಭ್ಯಾಸದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಡುತ್ತಿದ್ದ. ನಾನು ಹೋಗಲಿಲ್ಲ. ಕೊನೆಗೆ ಡ್ರೈವರೇ, "ಏನ್ ಸಾವ್ಕಾರ್ರೇ, ಇವತ್ತು ಕೈ ಹಾಕಲ್ವಾ?" ಎಂದ. "ಮರುಳಯ್ಯ ಹೊಲಿದಿದ್ದಾನಲ್ಲ" ಎಂದೆ. ಮರುಳಯ್ಯ ತಲೆ ಎತ್ತಲಿಲ್ಲ. ಆದರೆ ಆಮೇಲೆ ಪಕ್ಕಕ್ಕೆ ಸರಿಯುವುದನ್ನು ನಿಲ್ಲಿಸಿದ.

ಡ್ರೈವರ್ ಹಾರನ್ ಒತ್ತತೊಡಗಿದ. ಇನ್ನೂ ಎರಡು ಮೂಟೆಯ ಬಾಯಿ ತೆರೆದೇ ಇತ್ತು. ಮರುಳಯ್ಯ ಒಂದಕ್ಕೆ ಬಾಗಿದ. ಬೆನ್ನ ಹಿಂದಿನ ಕೈಗೆ ಕೆಲಸ ಸಿಕ್ಕಿತೆಂದು ನಾನು ಇನ್ನೊಂದು ದಬ್ಬಳ ಎತ್ತಿಕೊಂಡು ಉಳಿದದ್ದನ್ನು ಹೊಲಿಯಲು ಕೂತೆ. ಎರಡು ಸಲ ಬೆರಳಿಗೆ ಚುಚ್ಚಿಸಿಕೊಂಡರೂ ಬಿಡದೆ ಮುಗಿಸಿ, ಎರಡು ಕಿವಿಯನ್ನೂ ಕಟ್ಟಿದೆ. ಬೆಕ್ಕಿನದಲ್ಲದಿದ್ದರೂ ಯಾವುದೋ ಒಂದು ಪ್ರಾಣಿಯದು ಎನ್ನಬಹುದಿತ್ತು.

ಮರುಳಯ್ಯ ಬಂದ. ನನ್ನ ಮೂಟೆಯನ್ನು ನೋಡಿದ. ಹೊಲಿಗೆಯ ಸಂದಿಗೆ ಹೆಬ್ಬೆರಳು ತೂರಿಸಿದ. ಆಮೇಲೆ ಹಮಾಲರು, ಹೆಂಗಸರು, ಡ್ರೈವರು ಎಲ್ಲ ನೋಡುತ್ತಿರುವಂತೆಯೇ ಹುರಿಯ ತುದಿ ಹಿಡಿದು ಸರ್ರನೆ ಎಳೆದುಬಿಟ್ಟ.

"ದಾರೀಲಿ ಬಿಚ್ಕಂಡ್ರೆ ನಮ್ ಮಂಡಿ ಹೆಸ್ರು ಕೆಡ್ತದೆ ಕಣ್ರೀ" ಎನ್ನುತ್ತಾ ಹೊಸದಾಗಿ ಹೊಲಿಯಲು ಕೂತ. ಕೆಂಪಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಕಡೆ ಹುಬ್ಬು ಹಾರಿಸಿದಳು. ಅವನು ಹೇಳಿದ 'ನಮ್' ಅವಳಿಗೂ ಕೇಳಿಸಿತ್ತು. ಆ ಸಂಜೆ ಎದುರು ಮಂಡಿಯವನು ಬಾಗಿಲಿಗೆ ಬಂದು ಎರಡು ಸಲ ಇಣುಕಿ ನೋಡಿ ಒಳಗೆ ಹೋದ. ಮರುಳಯ್ಯ ಈ ಬದಿಯಲ್ಲೇ ಕೂತು ಬೀಡಿ ಹಚ್ಚಿದ್ದ.

ನನಗಾದ ಸಮಾಧಾನವನ್ನು ಇಂದಿಗೂ ಬಾಯಿಬಿಟ್ಟು ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ನನ್ನ ಹೊಲಿಗೆ ಸಡಿಲವಾಗಿತ್ತು ಎಂಬುದನ್ನೂ ಒಪ್ಪುತ್ತೇನೆ. ಆದರೂ ನಾನು ಒಳಗೆ ಹೋಗುವವರೆಗೆ ಕಾದು ಬಿಚ್ಚಬಹುದಿತ್ತು.