ನಲವತ್ತೈದು ಒಂದಕ್ಕಿಂತ ಸಣ್ಣದು

ಇಲ್ರೀ, ಗಣಿತ ಕಲಿಸಾವ್ರಿಗೆ ನಗೋ ಪ್ರಸಂಗ ಎಲ್ಲಿ ಬರತಾವು ಅಂತ ಕೇಳಿದ್ರ ಹೆಂಗ? ದಿನಾ ಬರತಿದ್ದುವು. ನಗತಿದ್ದವರು ಮಾತ್ರ ಬ್ಯಾರೆಯವರು.

ಎಪ್ಪತ್ತರ ದಶಕ. ವಿಜಾಪುರದ ಕಾಲೇಜೊಂದರಾಗ ಪಿಯುಸಿಗೆ ತ್ರಿಕೋನಮಿತಿ ಕಲಿಸತಿದ್ದೆ. ನೌಕರಿ ಕಾಯಂ ಆಗಿದ್ದಿಲ್ಲ. ತಪಾಸಣಿ ಸಾಹೇಬ್ರು ಪಾಠ ನೋಡಿ ಸೈ ಅಂದ್ರ ಕಾಯಂ, ಇಲ್ಲಾಂದ್ರ ಮನಿ.

ಎಮ್ಮಿ

ಸೈನ್ ಥೀಟಾ ಥೀಟಾಕ್ಕಿಂತ ಸಣ್ಣದು, ಥೀಟಾ ಟ್ಯಾನ್ ಥೀಟಾಕ್ಕಿಂತ ಸಣ್ಣದು ಅಂತ ಸಾಧಿಸಬೇಕಿತ್ತು. ದಾರಕ್ಕ ಖಡು, ಅಂದ್ರ ಸೀಮೆಸುಣ್ಣ, ಕಟ್ಟಿ ಹಲಗಿ ಮ್ಯಾಲ ವರ್ತುಳ ಎಳದು, "ನೋಡ್ರಿ, ಸುತ್ತಿನ ದಾರಿಗಿಂತ ನೆಟ್ಟನ ದಾರಿ ಸಣ್ಣದು" ಅಂದೆ.

ತಿಕೋಟಾದ ಹುಡುಗೊಬ್ಬ ಎದ್ದ. "ಇದನ್ನ ಸಾಧಿಸೋದೇನೈತ್ರಿ ಸರ್? ನಮ್ಮ ಎಮ್ಮಿನೂ ಬದುವು ಸುತ್ತಂಗಿಲ್ಲ, ನಡು ಹೊಲದಾಗ ಹಾದು ನೀರಿಗೆ ಹೋಗತೈತಿ."

"ಎಮ್ಮಿ ಪರೀಕ್ಷಾದಾಗ ಬರಿಯಂಗಿಲ್ಲಲೇ."

"ನಾನೂ ಬರಿಯಂಗಿಲ್ರಿ."

ಮಾತಿಗೆ ತಪ್ಪಲಿಲ್ಲ. ಬರೀಲಿಲ್ಲ.

ಪಡತಾಳ

ಮರುದಿನ ಹುರುಪಿನ್ಯಾಗ, "ಬೇಕಾದ್ರ ನಲವತ್ತೈದು ಹಾಕಿ ಖರೇನೋ ಸುಳ್ಳೋ ಪಡತಾಳ ಮಾಡ್ರಿ" ಅಂದೆ.

ಬಬಲೇಶ್ವರದಿಂದ ಬಸ್ಸಿಗೆ ಬರೋ ಹುಡುಗಿ, ಇಡೀ ಕ್ಲಾಸಿಗೆ ಒಬ್ಬಾಕಿ, ಕೈ ಎತ್ತಿದಳು. "ಸರ್, ಟ್ಯಾನ್ ನಲವತ್ತೈದು ಅಂದ್ರ ಒಂದು. ನಲವತ್ತೈದು ಒಂದಕ್ಕಿಂತ ಸಣ್ಣದೇನ್ರಿ?"

"ನಾಳೆ ಹೇಳ್ತೀನಿ" ಅಂದು ಜೋರಾಪುರ ಪೇಟಿ ತನಕ ಅದನ್ನ ವಟಗುಟ್ಟಕೋತ ನಡದೆ. ಮನಿ ಹೊಸ್ತಿಲದಾಗ ಹೊಳೀತು: ಡಿಗ್ರಿ ಅಲ್ಲ, ರೇಡಿಯನ್ ಹಿಡೀಬೇಕು! ಮರುದಿನ ಓಡಿ ಹೋದ್ರ, ಹುಡುಗಿ ಆಗಲೇ ಹಲಗಿ ಮ್ಯಾಲ ಬರದಿದ್ದಳು: ನಲವತ್ತೈದು ಡಿಗ್ರಿ ಅಂದ್ರ ಪೈದ ಕಾಲು ಭಾಗ ರೇಡಿಯನ್, ಹದಿನಾಲ್ಕರಾಗ ಹನ್ನೊಂದು, ಒಂದಕ್ಕಿಂತ ಸಣ್ಣದು.

"ಬಸ್ಸಿನ್ಯಾಗ ಹೊಳೀತ್ರಿ" ಅಂದಳು. ನಾನೂ ಬಸ್ಸಿಗೆ ಬರಬೇಕಿತ್ತು.

ತಪಾಸಣಿ

ಮುಂದಿನ ವಾರ ಸಾಹೇಬ್ರು ಬಂದು ಹಿಂದಿನ ಬಾಕಿನ ಮ್ಯಾಲ ಕುಂತರು. ಅದ ಪಾಠ. ಅರ್ಧಕ್ಕ ಎದ್ದು ನಿಂತರು.

"ಏನ್ರಿ, ಸುಳ್ಳು ಸಾಧಿಸಾಕತ್ತೀರಲ್ಲ! ನಲವತ್ತೈದು ಒಂದಕ್ಕಿಂತ ಸಣ್ಣದೇನು?"

ಸಾಹೇಬ್ರದು ತಪ್ಪು ಅಂದ್ರ ನೌಕರಿ ಹೋಗತೈತಿ, ಖರೆ ಅಂದ್ರ ಗಣಿತ ಹೋಗತೈತಿ.

ಹುಡುಗಿ ಎದ್ದು ಭಾಳ ಅಕ್ಕರತಿಯಿಂದ ಅಂದಳು: "ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಹ್ವಾದ ವಾರ ನಮ್ಮ ಸರೂ ಇಲ್ಲೇ ಮುಗ್ಗರಿಸಿದ್ರು. ನಾ ತೋರಸ್ತೀನಿ ಬರ್ರಿ."

ತೋರಿಸಿದಳು. ಸಾಹೇಬ್ರು ಹಲಗಿ ನೋಡಿದ್ರು, ನನ್ನ ನೋಡಿದ್ರು, ಕನ್ನಡಕ ಒರಸಿಕೊಂಡು ವರದಿಯಾಗ ಬರದರು: "ವಿದ್ಯಾರ್ಥಿಗಳ ತಯಾರಿ ಉತ್ತಮ. ಕಾಯಂ ಮಾಡಬಹುದು."

ಮನಿಗೆ ಬಂದು ಎಲ್ಲಾ ಹೇಳಿದೆ. ಮನಿಯಾಕಿ ರೊಟ್ಟಿ ಬಡಿಯೋದು ನಿಲ್ಲಿಸಿ ಪೂರಾ ಕೇಳಿ ಅಂದಳು:

"ಎಲ್ಲಾ ಛಲೋ ಆತು ಬಿಡ್ರಿ. ಆದ್ರ ಆಕೀನ್ನ ಬಿಟ್ಟು ನಿಮ್ಮನ್ಯಾಕ ಕಾಯಂ ಮಾಡಿದ್ರು?"